ಹುಲಿಯಪ್ಪನ ಹದಿನಾರು ಪುಟ ಸ್ಪ್ಯಾನಿಷ್

ಹೆಸರು ಹುಲಿಯಪ್ಪ ಎಂದಿದ್ದರೂ ಭದ್ರಾವತಿಯ ಹಳೇ ಸೇತುವೆ ಪಕ್ಕದ ಆ ವಠಾರದಲ್ಲಿ ಅವನಿಗೆ ಹೆದರುವ ಪ್ರಾಣಿ ಒಂದೂ ಇರಲಿಲ್ಲ. ಅವನು ಹಾಲಿನ ಪಾತ್ರೆ ಹಿಡಿದು ಎದುರಿಗೇ ನಿಂತಿದ್ದರೂ ಬೆಕ್ಕು ಬಂದು ಮೂತಿ ಅದ್ದಿ ಹೋಗುತ್ತಿತ್ತು. ಐವತ್ತಾರು ವರ್ಷ. ಊರಿನ ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ತನ್ನಷ್ಟಕ್ಕೆ ಹೊಗೆಯಾಡಿಕೊಂಡಿದ್ದ ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತ. ಬೀಡಿ ಇಲ್ಲ, ಎಲೆಯಡಿಕೆ ಇಲ್ಲ. ಸಾರಾಯಿ ಅಂಗಡಿ ಇರುವ ಬೀದಿಯನ್ನು ತಪ್ಪಿಸಲು ಅರ್ಧ ಮೈಲಿ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತಿದ್ದವನು. ಹೆಂಡತಿ ಯಲ್ಲಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿರಲಿಲ್ಲ.

ಇಂಥ ಮನುಷ್ಯ ಸಾವಿರದ ಒಂಬೈನೂರ ತೊಂಬತ್ತೇಳರ ದೀಪಾವಳಿಯ ಹೊತ್ತಿಗೆ ಕುಡುಕನೆಂದು ಹೆಸರಾಗಿಬಿಟ್ಟ. ಅದಕ್ಕೆ ಕಾರಣ ಸ್ಪೇನ್ ದೇಶ.

ವಾರದ ಆರು ದಿನ ಹುಲಿಯಪ್ಪನಿಗೆ ಹೇಗೋ ಕಳೆಯುತ್ತಿತ್ತು. ಸ್ಟೋರ್ಸಿನಲ್ಲಿ ನಟ್ಟು ಕೇಳುವವರು, ಬೋಲ್ಟು ಕೇಳುವವರು, ನಟ್ಟು ಕೊಟ್ಟರೆ ಬೋಲ್ಟು ಕೇಳಿದ್ದು ಎಂದು ಜಗಳವಾಡುವವರು ಇದ್ದೇ ಇರುತ್ತಿದ್ದರು. ಭಾನುವಾರ ಮಾತ್ರ ಮನೆಯ ನಾಲ್ಕು ಗೋಡೆಗಳೂ ಅವನನ್ನೇ ನೋಡುತ್ತಿದ್ದವು. ಆದ್ದರಿಂದ ಪ್ರತಿ ಭಾನುವಾರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗುತ್ತಿದ್ದ. ಅಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಗಾಂಧಿ ಬಜಾರಿನಲ್ಲಿ ಒಂದು ಸುತ್ತು, ಒಂದು ಮಸಾಲೆ ದೋಸೆ, ಆಮೇಲೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕೂತು ಮೈಕಿನಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿ ಎಂದು ಕೂಗುವುದನ್ನು ಕೇಳಿಸಿಕೊಳ್ಳುವುದು. ಯಾರನ್ನೋ ಕರೆಯುತ್ತಿದ್ದಾರೆ ಎನ್ನುವುದೇ ಅವನಿಗೆ ಒಂದು ಸಮಾಧಾನ.

ಅಂಥ ಒಂದು ಭಾನುವಾರ ಫುಟ್‌ಪಾತಿನ ಹಳೇ ಪುಸ್ತಕದವನು, “ಲೇಲೋ ಸಾಬ್, ಫಾರಿನ್ ಮಾಲು” ಎಂದು ರಟ್ಟಿಲ್ಲದ ಒಂದು ಪುಸ್ತಕವನ್ನು ಕೈಗೆ ತುರುಕಿದ. ಇಂಗ್ಲಿಷ್ ಕಲಿಸುವ ಪುಸ್ತಕ ಎಂದುಕೊಂಡು ಹುಲಿಯಪ್ಪ ತಂದ. ಮನೆಗೆ ಬಂದು ನೋಡಿದರೆ ಸ್ಪ್ಯಾನಿಷ್ ಕಲಿಸುವ ಪುಸ್ತಕ. ಅದರಲ್ಲೂ ಮೊದಲ ನಲವತ್ತು ಪುಟ ಇರಲಿಲ್ಲ. ಐವತ್ತಾರರ ನಂತರವೂ ಏನೂ ಇರಲಿಲ್ಲ. ಉಳಿದ ಹದಿನಾರು ಪುಟಗಳಲ್ಲಿ ಇದ್ದದ್ದು ಒಂದೇ ಪಾಠ: ವೈನ್ ಕುಡಿಯುವಾಗ ಹೇಗೆ ಮಾತಾಡಬೇಕು ಎಂಬುದು.

ಬೇರೆ ಯಾರಾದರೂ ಆಗಿದ್ದರೆ ಆ ಹಾಳೆಗಳಲ್ಲಿ ಖಾರದಪುಡಿ ಕಟ್ಟಿಡುತ್ತಿದ್ದರು. ಹುಲಿಯಪ್ಪನೂ ಕಟ್ಟುತ್ತಿದ್ದನೋ ಏನೋ. ಆದರೆ ನಲವತ್ತಮೂರನೇ ಪುಟದಲ್ಲಿ ಇಬ್ಬರು ಮಾತಾಡುತ್ತಿದ್ದರು. ಕೆಳಗೆ ಇಂಗ್ಲಿಷಿನಲ್ಲಿ ಅರ್ಥ ಕೊಟ್ಟಿತ್ತು. “ನಿನಗೆ ಕೆಂಪು ಇಷ್ಟವೋ, ಬಿಳಿಯೋ?” “ಕೆಂಪು.” “ಇನ್ನೊಂದು ಲೋಟ ಬೇಕೇ?” “ಬೇಕು, ಸ್ವಲ್ಪ.” “ರುಚಿ ಹೇಗಿದೆ?” ಮೂರು ವರ್ಷದಲ್ಲಿ ಆ ಮನೆಯೊಳಗೆ ಹುಲಿಯಪ್ಪನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ಅವನು ಪುಸ್ತಕ ಹಿಡಿದು ಕಿಟಕಿಯ ಹತ್ತಿರ ನಿಂತು ಪ್ರಶ್ನೆ ಓದಿದ. ಗೋಡೆಯ ಹತ್ತಿರ ಹೋಗಿ ಉತ್ತರ ಓದಿದ. ಮತ್ತೆ ಕಿಟಕಿಗೆ ಬಂದ. ಏಳು ಗಂಟೆಯಾದದ್ದೇ ತಿಳಿಯಲಿಲ್ಲ. ಅಂದಿನಿಂದ ಪ್ರತಿ ಸಂಜೆ ಆರರಿಂದ ಏಳರವರೆಗೆ ಆ ಮನೆಯಲ್ಲಿ ಇಬ್ಬರು ವೈನ್ ಕುಡಿಯುತ್ತಿದ್ದರು, ಬಾಯಲ್ಲಿ ಮಾತ್ರ.

ಪಕ್ಕದ ಮನೆಯಲ್ಲಿ ದುರ್ಗಮ್ಮ ಇದ್ದಳು. ಅವಳ ಗಂಡ ಮಾರಪ್ಪ ಅದೇ ಕಾರ್ಖಾನೆಯ ಕುಲುಮೆಯಲ್ಲಿ ಕೆಲಸಕ್ಕಿದ್ದ. ಮಗಳು ಬಾಣಂತನ ಮುಗಿಸಿ ಹೋಗುವಾಗ ದೊಡ್ಡ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟುಹೋಗಿದ್ದಳು. ಎರಡೂವರೆ ವರ್ಷದ ಆ ಹುಡುಗಿಯ ಹೆಸರು ಕವನ ಎಂದು ಜನನ ಪತ್ರದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಎಲ್ಲರಿಗೂ ಅವಳು ಬೇಬಿ. ವಠಾರದ ಗೋಡೆಗಳೋ, ಈಚೆ ಸೀನಿದರೆ ಆಚೆಯವರು ಚಿರಂಜೀವಿ ಎನ್ನುವಷ್ಟು ತೆಳು.

ಆ ಗುರುವಾರ ಸಂಜೆ ಹುಲಿಯಪ್ಪ ಹೊಸ ವಾಕ್ಯವೊಂದನ್ನು ಬಾಯಿಪಾಠ ಮಾಡುತ್ತಿದ್ದ. ‘ನಾನು ಕೆಂಪು ವೈನ್ ಕುಡಿಯುತ್ತೇನೆ’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಬೇಬೋ ವೀನೋ ತಿಂತೋ’ ಎನ್ನುತ್ತಾರೆ. ಇದರಲ್ಲಿ ಹುಲಿಯಪ್ಪನ ತಪ್ಪೇನೂ ಇಲ್ಲ. ಆ ದೇಶದವರು ಭಾಷೆ ಮಾಡುವಾಗ ದುರ್ಗಮ್ಮನ ಕಿವಿಯನ್ನು ಗಮನಕ್ಕೆ ತೆಗೆದುಕೊಂಡಿರಲಿಲ್ಲ, ಅಷ್ಟೆ.

“ಬೇಬೋ ವೀನೋ ತಿಂತೋ!” ಎಂದು ಹುಲಿಯಪ್ಪ ಗಟ್ಟಿಯಾಗಿ ಹೇಳಿದ. ಇನ್ನೊಮ್ಮೆ ಹೇಳಿದ. ಮೂರನೇ ಸಲ, ಪುಸ್ತಕದಲ್ಲಿ ಸೂಚಿಸಿದಂತೆ, ಭಾವಪೂರ್ಣವಾಗಿ ಹೇಳಿದ.

ಆಚೆ ಅಡುಗೆಮನೆಯಲ್ಲಿ ದುರ್ಗಮ್ಮನ ಕೈಯಿಂದ ಸೌಟು ಬಿತ್ತು.

“ರೀ! ಬೇಬಿ ಏನೋ ತಿಂತಂತೆ ರೀ! ಹುಲಿಯಪ್ಪಣ್ಣ ಕೂಗ್ಕೋತಿದಾರೆ!”

ಬೇಬಿ ಜಗಲಿಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಅದೇ ಅನುಮಾನಕ್ಕೆ ಸಾಕಾಯಿತು. ಮಾರಪ್ಪ ಮಗುವನ್ನು ತಲೆಕೆಳಗು ಮಾಡಿ ಬೆನ್ನಿಗೆ ತಟ್ಟಿದ. ದುರ್ಗಮ್ಮ ಬಾಯೊಳಗೆ ಬೆರಳು ಹಾಕಿದಳು. ಬೇಬಿ ಬೆರಳು ಕಚ್ಚಿದಳು. “ಅಯ್ಯೋ, ಹಲ್ಲು ಕಚ್ಕೊಂತು, ಫಿಟ್ಸು!” ಎಂದು ಯಾರೋ ಕೂಗಿದರು. ವಠಾರದ ಹನ್ನೆರಡು ಮನೆಯವರೂ ಹೊರಗೆ ಬಂದರು. ಒಬ್ಬರು ಬಾಳೆಹಣ್ಣು ತಿನ್ನಿಸಿ ಎಂದರು, ಒಬ್ಬರು ಉಪ್ಪುನೀರು ಕುಡಿಸಿ ಎಂದರು. ಇಬ್ಬರ ಮಾತನ್ನೂ ನಡೆಸಲಾಯಿತು. ತಮಿಳಿನ ಆಟೋದವನು “ಸೀಕ್ರಂ, ಸೀಕ್ರಂ” ಎನ್ನುತ್ತ ಆಟೋ ತಿರುಗಿಸಿದ. ಗದ್ದಲ ಕೇಳಿ ಹೊರಗೆ ಬಂದ ಹುಲಿಯಪ್ಪ, “ಏನಾಯ್ತು?” ಎಂದು ಕೇಳಿದ. “ನೀವೇ ನೋಡಿದ್ದಲ್ವಾ, ಹತ್ತಿ!” ಎಂದು ಅವನನ್ನೂ ಎಳೆದುಕೊಂಡು ಹೋದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ರಂಜಿನಿ ಎನ್ನುವವರು. ಎಕ್ಸ್‌ರೇ ತೆಗೆಸಿದರು. ಬೆಳಕಿಗೆ ಹಿಡಿದು ನೋಡಿ, “ಹೊಟ್ಟೇಲಿ ಬಾಳೆಹಣ್ಣು ಬಿಟ್ರೆ ಏನೂ ಇದ್ದಂಗಿಲ್ಲಮ್ಮ. ಏನು ತಿಂದಿದ್ದು? ನೋಡಿದೋರು ಯಾರು?” ಎಂದರು.

ಎಲ್ಲರೂ ಹುಲಿಯಪ್ಪನನ್ನು ಮುಂದೆ ತಳ್ಳಿದರು.

“ನಾನು ನೋಡ್ಲಿಲ್ಲ ಡಾಕ್ಟ್ರೇ.”

“ಮೂರು ಸಲ ಕೂಗಿದ್ರಲ್ಲ ಅಣ್ಣ!” ಎಂದಳು ದುರ್ಗಮ್ಮ. “ಬೇಬಿ ಏನೋ ತಿಂತು, ಬೇಬಿ ಏನೋ ತಿಂತು ಅಂತ!”

ಹುಲಿಯಪ್ಪನಿಗೆ ಈಗ ಅರ್ಥವಾಯಿತು. ಸುಳ್ಳು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಜೀವನದಲ್ಲಿ ಎಲ್ಲಿ ಸುಳ್ಳು ಹೇಳಬೇಕಿತ್ತೋ ಅಲ್ಲಿ ಅವನು ನಿಜ ಹೇಳಿದ.

“ಅದು ಬೇಬಿ ವಿಷಯ ಅಲ್ಲ. ನಾನು ಕೆಂಪು ವೈನ್ ಕುಡೀತೀನಿ ಅಂತ ಹೇಳ್ತಿದ್ದೆ.”

ದುರ್ಗಮ್ಮ ಬೇಬಿಯನ್ನು ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು.

“ಯಾರ ಹತ್ರ?” ಎಂದರು ಡಾಕ್ಟರು.

“ಯಾರೂ ಇರ್ಲಿಲ್ಲ. ನಾನೇ ಕೇಳ್ಕೊಂಡು ನಾನೇ ಹೇಳ್ತಿದ್ದೆ.”

ಡಾಕ್ಟರು ಹತ್ತಿರ ಬಂದು, “ಒಂದ್ಸಲ ಉಸಿರು ಬಿಡಿ” ಎಂದರು. ವಾಸನೆ ಬರಲಿಲ್ಲ. ವಾಸನೆ ಬಾರದಿದ್ದದ್ದೇ ದುರ್ಗಮ್ಮನಿಗೆ ಇನ್ನೂ ಭಯ ಹುಟ್ಟಿಸಿತು. “ಕುಡಿಯೋದಾದ್ರೆ ಕುಡ್ಕೊಳ್ಳಿ ಅಣ್ಣ, ಮಗು ಹೆಸರು ಯಾಕೆ ಎತ್ತಿದ್ರಿ?” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರುದಿನದಿಂದ ವಠಾರ ಹುಲಿಯಪ್ಪನನ್ನು ಬಹಳ ಮರ್ಯಾದೆಯಿಂದ ನಡೆಸಿಕೊಳ್ಳತೊಡಗಿತು. ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ನಲ್ಲಿಯ ಹತ್ತಿರ ಅವನು ಬಂದರೆ ಕೊಡ ಸರಿಸಿ ದಾರಿ ಬಿಡುತ್ತಿದ್ದರು. ಶನಿವಾರದ ಭಜನೆಯಲ್ಲಿ ಹತ್ತು ವರ್ಷದಿಂದ ತಾಳ ಹಾಕುತ್ತಿದ್ದವನು ಅವನೇ. ಈಗ ಹಿರಿಯರೊಬ್ಬರು ಅವನ ಕೈಯಿಂದ ಮೆತ್ತಗೆ ತಾಳ ತೆಗೆದುಕೊಂಡು, “ಸ್ವಲ್ಪ ದಿನ ರೆಸ್ಟ್ ತಗೊಳ್ಳಿ. ಒಂಟಿತನ, ಪಾಪ, ಎಂಥೋರನ್ನೂ ಕೆಡಿಸುತ್ತೆ” ಎಂದರು. ದುರ್ಗಮ್ಮ ಮಾತು ಬಿಟ್ಟಳು.

ಸಂತೋಷಪಟ್ಟವನು ಮಾರಪ್ಪ ಒಬ್ಬನೇ. ಹೆಂಡತಿಗೆ ತಿಳಿಯದಂತೆ ವಾರಕ್ಕೆರಡು ಸಲ ಗಂಟಲು ಒದ್ದೆ ಮಾಡಿಕೊಳ್ಳುವ ಅವನಿಗೆ ಪಕ್ಕದಲ್ಲೇ ಜೊತೆ ಸಿಕ್ಕಿದಂತಾಯಿತು. ಒಂದು ಸಂಜೆ ಕಳ್ಳಹೆಜ್ಜೆಯಲ್ಲಿ ಬಂದ.

“ಎಲ್ಲಿಟ್ಟಿದೀಯ ಮಾರಾಯ? ನಂಗೊಂಚೂರು ತೋರ್ಸು.”

“ಏನನ್ನ?”

“ಕೆಂಪಂದು.”

“ಸ್ಪ್ಯಾನಿಷ್ ಕಣಯ್ಯ” ಎಂದು ಹುಲಿಯಪ್ಪ ಹದಿನಾರು ಪುಟಗಳನ್ನು ತಂದು ತೋರಿಸಿದ. ಮಾರಪ್ಪ ಪುಟಗಳನ್ನು ಮೂಸಿ ನೋಡಿದ. ಅಕ್ಕಿ ಡಬ್ಬದೊಳಗೆ ಕೈ ಹಾಕಿದ. ಮಜ್ಜಿಗೆ ಚಟ್ಟಿಯ ತಳ ಕಲಕಿದ. ಏನೂ ಸಿಗದೆ, “ಭೇಷ್! ಮೂವತ್ತು ವರ್ಷದಿಂದ ಬಚ್ಚಿಡ್ತಿದೀನಿ, ನಂಗೂ ಈ ಕೈಚಳಕ ಬರ್ಲಿಲ್ಲ” ಎಂದು ಗೌರವದಿಂದ ಹೊರಟುಹೋದ.

ಸುದ್ದಿ ಕಾರ್ಖಾನೆಗೆ ಮುಟ್ಟುವಾಗ ಸ್ವಲ್ಪ ರೂಪ ಬದಲಾಯಿಸಿತು. ಸ್ಟೋರ್ಸಿನ ಪುಟ್ಟಯ್ಯ ಕ್ಯಾಂಟೀನಿನಲ್ಲಿ, “ನಮ್ಮ ಹುಲಿಯಪ್ಪ ಕುಡಿದ್ರೆ ಸ್ಪ್ಯಾನಿಷಲ್ಲೇ ಮಾತಾಡೋದಂತೆ” ಎಂದ. ಆ ಮಾತು ಮ್ಯಾನೇಜರ್ ಶಿವಪ್ರಸಾದ್ ಅವರ ಕಿವಿಗೆ ಬೀಳುವ ಹೊತ್ತಿಗೆ ಅದರ ಕೊನೆಯ ಭಾಗ ಮಾತ್ರ ಉಳಿದಿತ್ತು. ಅವರೋ ಆಗ ದೊಡ್ಡ ಕಷ್ಟದಲ್ಲಿದ್ದರು. ಸ್ಪೇನಿನಿಂದ ಹೊಸ ಯಂತ್ರವೊಂದು ಮರದ ಪೆಟ್ಟಿಗೆಗಳಲ್ಲಿ ಬಂದು ಕೂತಿತ್ತು. ಅದನ್ನು ಜೋಡಿಸುವ ಇಂಜಿನಿಯರು ಸೋಮವಾರ ಬರುವವನಿದ್ದ. ಆತನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಬೆಂಗಳೂರಿನಿಂದ ಬರಬೇಕಿದ್ದ ದುಭಾಷಿಗೆ ಕಾಮಾಲೆ.

“ಕೂತ್ಕೊಳ್ಳಿ ಹುಲಿಯಪ್ಪನವರೇ” ಎಂದರು ಮ್ಯಾನೇಜರು. “ನಿಮಗೆ ಸ್ಪ್ಯಾನಿಷ್ ಬರುತ್ತಂತೆ?”

ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಆ ರೂಮಿನಲ್ಲಿ ಅವನಿಗೆ ಯಾರೂ ಕುರ್ಚಿ ಕೊಟ್ಟಿರಲಿಲ್ಲ. ‘ಬರಲ್ಲ ಸಾರ್’ ಎಂದರೆ ಏಳಬೇಕಾಗುತ್ತಿತ್ತು.

“ಅಲ್ಪಸ್ವಲ್ಪ ಸಾರ್” ಎಂದ ಹುಲಿಯಪ್ಪ.

ನಮ್ಮ ದೇಶದಲ್ಲಿ ಅಲ್ಪಸ್ವಲ್ಪ ಬರುತ್ತದೆ ಎನ್ನುವವರು ಮಹಾವಿದ್ವಾಂಸರೇ ಎಂದು ಶಿವಪ್ರಸಾದ್ ಅವರಿಗೆ ಗೊತ್ತಿತ್ತು. ಚಹಾ ತರಿಸಿದರು.

ಸೋಮವಾರ ಹುಲಿಯಪ್ಪ ಮದುವೆಯ ಕೋಟು ಹಾಕಿಕೊಂಡು ಬಂದ. ಸ್ಪೇನಿನ ಇಂಜಿನಿಯರ ಹೆಸರು ಫೆರ್ಮಿನ್. ಅರವತ್ತರ ಹತ್ತಿರದ ದಪ್ಪ ಮನುಷ್ಯ. ಎರಡು ವಿಮಾನ, ಒಂದು ರೈಲು ಮತ್ತು ತರೀಕೆರೆ ಕಡೆಯ ರಸ್ತೆ ಸೇರಿ ಆತನ ಮುಖ ಹಿಂಡಿದ ಬಟ್ಟೆಯಂತಾಗಿತ್ತು. ಹಾರ ಹಾಕಿದರೂ ಅದನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಮಂಡಿಯ ಮೇಲೆ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದ.

“ಪ್ರಯಾಣ ಸುಖವಾಗಿತ್ತಾ ಅಂತ ಕೇಳಿ” ಎಂದರು ಮ್ಯಾನೇಜರು.

ಹುಲಿಯಪ್ಪ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. “ಬೇಬೋ ವೀನೋ ತಿಂತೋ” ಎಂದ.

ಫೆರ್ಮಿನ್ ತಲೆ ಎತ್ತಿದ. ಏನೋ ಕೇಳಿದ.

“ಏನಂತೆ?”

“ಸುಖವಾಗಿತ್ತಂತೆ ಸಾರ್.”

“ನಾವು ಹಾಕಿರೋ ಫೌಂಡೇಶನ್ ಫೋಟೋ ಕಳಿಸಿದ್ವಲ್ಲ, ಅದು ಸರಿ ಇದೆಯಾ ಕೇಳಿ.”

“ತಿಂತೋ ಓ ಬ್ಲಾಂಕೋ?” ಎಂದು ಕೇಳಿದ ಹುಲಿಯಪ್ಪ. ಕೆಂಪೋ, ಬಿಳಿಯೋ?

ಫೆರ್ಮಿನ್ ನಗತೊಡಗಿದ. ಹಾರ ಕೆಳಗೆ ಬೀಳುವಷ್ಟು ನಕ್ಕ. ಕಣ್ಣಿನ ನೀರು ಒರೆಸಿಕೊಂಡು ಐದು ನಿಮಿಷ ಎಡೆಬಿಡದೆ ಮಾತಾಡಿದ. ಆ ಐದು ನಿಮಿಷದ ಮಾತಿನಲ್ಲಿ ಹುಲಿಯಪ್ಪನಿಗೆ ಅರ್ಥವಾದದ್ದು ‘ವೀನೋ’ ಎಂಬ ಒಂದೇ ಶಬ್ದ, ಅದೂ ಎರಡು ಸಲ.

“ಏನಂದ್ರು, ಏನಂದ್ರು?”

“ಫೌಂಡೇಶನ್ ಬಹಳ ಚೆನ್ನಾಗಿದೆಯಂತೆ ಸಾರ್.”

ಎಲ್ಲರೂ ಚಪ್ಪಾಳೆ ತಟ್ಟಿದರು.

ಫೌಂಡೇಶನ್ ಚೆನ್ನಾಗಿರಲಿಲ್ಲ. ಮರುದಿನ ಬೆಳಿಗ್ಗೆ ಯಂತ್ರವನ್ನು ಕ್ರೇನಿಗೆ ಕಟ್ಟಿ ಎತ್ತಿದಾಗ ಫೆರ್ಮಿನ್ ಟೇಪು ಹಿಡಿದು ಅಳೆದ. ಆಮೇಲೆ ಎರಡೂ ಕೈ ಎತ್ತಿ, “ನೋ! ನೋ!” ಎಂದು ಕೂಗಿದ. ಆ ಶಬ್ದ ಎಲ್ಲ ಭಾಷೆಯವರಿಗೂ ಅರ್ಥವಾಯಿತು. ಫೌಂಡೇಶನ್ನಿನಲ್ಲಿ ಹೂತಿದ್ದ ಬೋಲ್ಟುಗಳು ನಾಲ್ಕು ಇಂಚು ಆಚೆಗಿದ್ದವು. ಇನ್ನೈದು ನಿಮಿಷ ಬಿಟ್ಟಿದ್ದರೆ ಯಂತ್ರ ವಾಲಿ ಬಿದ್ದು, ಕೆಳಗೆ ಹಗ್ಗ ಹಿಡಿದು ನಿಂತಿದ್ದ ಮಾರಪ್ಪ ಮತ್ತಿತರ ನಾಲ್ವರು ಅದರ ಅಡಿಗಾಗುತ್ತಿದ್ದರು.

ಮ್ಯಾನೇಜರು ಹುಲಿಯಪ್ಪನ ಕಡೆ ತಿರುಗಿದರು. “ಚೆನ್ನಾಗಿದೆ ಅಂದ್ರಲ್ಲಾ?”

ಹುಲಿಯಪ್ಪ ನೋಡುತ್ತಿದ್ದದ್ದು ಮ್ಯಾನೇಜರನ್ನಲ್ಲ, ಹಗ್ಗ ಕೈಬಿಟ್ಟು ಬೆವರೊರೆಸಿಕೊಳ್ಳುತ್ತಿದ್ದ ಮಾರಪ್ಪನನ್ನು.

“ಸಾರ್, ನಂಗೆ ಸ್ಪ್ಯಾನಿಷ್ ಬರಲ್ಲ. ಹದಿನಾರು ಪುಟ ಬರುತ್ತೆ. ಅದ್ರಲ್ಲಿ ಪೂರ್ತಿ ವೈನೇ ಇರೋದು. ನಮಸ್ಕಾರ ಅನ್ನೋದೂ ಇಲ್ಲ. ಅದು ಕಳೆದುಹೋದ ಪುಟದಲ್ಲಿತ್ತು.”

ಶಿವಪ್ರಸಾದ್ ಅವರು ಇಂಗ್ಲಿಷಿನಲ್ಲಿ ಒಂದಷ್ಟು, ಕನ್ನಡದಲ್ಲಿ ಒಂದಷ್ಟು ಬೈದರು. ಮೆಮೋ ಕೊಡುತ್ತೇನೆ, ಕೆಲಸ ಹೋಗುತ್ತದೆ ಎಂದರು. ಹುಲಿಯಪ್ಪ ತಲೆ ತಗ್ಗಿಸಿ ಹೊರಡುವಷ್ಟರಲ್ಲಿ ಫೆರ್ಮಿನ್ ಅಡ್ಡ ಬಂದು ಅವನ ಭುಜದ ಮೇಲೆ ಕೈ ಹಾಕಿದ. ತನ್ನನ್ನು ತೋರಿಸಿದ, ಹುಲಿಯಪ್ಪನನ್ನು ತೋರಿಸಿದ, ಎರಡು ಬೆರಳನ್ನು ಒಟ್ಟಿಗೆ ಜೋಡಿಸಿದ. ಈತ ಇಲ್ಲದಿದ್ದರೆ ತಾನೂ ಇಲ್ಲ ಎಂದು ಅದರ ಅರ್ಥ. ಮೆಮೋ ಮೇಜಿನ ಮೇಲೆಯೇ ಉಳಿಯಿತು. ಯಂತ್ರದ ವಿಷಯ ಸೀಮೆಸುಣ್ಣದಲ್ಲಿ ನೆಲದ ಮೇಲೆ ಚಿತ್ರ ಬರೆದು ತಿಳಿಸುವುದೆಂದಾಯಿತು. ಹುಲಿಯಪ್ಪ ಪಕ್ಕದಲ್ಲಿ ನಿಂತು ಸೀಮೆಸುಣ್ಣ ಕೊಡಬೇಕು.

ಆ ಸಂಜೆ ಫೆರ್ಮಿನ್ ಗೆಸ್ಟ್ ಹೌಸಿಗೆ ಹೋಗದೆ ಹುಲಿಯಪ್ಪನ ಹಿಂದೆಯೇ ವಠಾರಕ್ಕೆ ಬಂದ. ಹುಲಿಯಪ್ಪನಿಗೆ ಪೀಕಲಾಟ. ಎರಡು ದಿನದಿಂದ ಬಾಯಿ ತುಂಬ ವೈನ್ ಎಂದವನು ಮನೆಗೆ ಬಂದವರಿಗೆ ಕೊಡಬೇಡವೇ? ವೈನ್ ಸ್ಟೋರ್ ಎಂದು ಬೋರ್ಡು ಹಾಕಿದ ಅಂಗಡಿಯ ಮೆಟ್ಟಿಲು ಹತ್ತುವ ಧೈರ್ಯ ಅವನಿಗಿರಲಿಲ್ಲ. ಹತ್ತಿದ್ದರೂ ಅಲ್ಲಿ ಬ್ರಾಂದಿ, ರಮ್ಮು, ವಿಸ್ಕಿ ಸಿಗುತ್ತಿತ್ತೇ ಹೊರತು ವೈನ್ ಸಿಗುತ್ತಿರಲಿಲ್ಲ. ಕೊನೆಗೆ ಪಂಡಿತರ ಅಂಗಡಿಗೆ ಓಡಿ ಒಂದು ಬಾಟ್ಲಿ ದ್ರಾಕ್ಷಾಸವ ತಂದ. ದ್ರಾಕ್ಷಿಯದೇ, ಕೆಂಪಗೂ ಇದೆ, ಜೀರ್ಣಕ್ಕೂ ಒಳ್ಳೆಯದು.

ಸ್ಟೀಲ್ ಲೋಟಕ್ಕೆ ಬಗ್ಗಿಸಿ ಮುಂದಿಟ್ಟ. ಫೆರ್ಮಿನ್ ಮೂಸಿ ನೋಡಿದ. ಹುಬ್ಬು ಮೇಲಕ್ಕೆ ಹೋಯಿತು. ಲೋಟವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ತನ್ನ ಬಲ ಪಕ್ಕೆಯ ಮೇಲೆ ಕೈಯಿಟ್ಟು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರು ಬೇಡ ಎಂದಿದ್ದಾರೆ. ಹನ್ನೆರಡು ವರ್ಷವಾಯಿತು, ಒಂದು ತೊಟ್ಟೂ ಇಲ್ಲ.

“ನಾನೂ” ಎಂದ ಹುಲಿಯಪ್ಪ, ತನಗೆ ಬರುವ ಇಂಗ್ಲಿಷಿನಲ್ಲಿ. “ಹುಟ್ಟಿದಾಗಿಂದ ಇಲ್ಲ.”

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿದರು. ಹುಲಿಯಪ್ಪ ಎದ್ದು ಹೋಗಿ ಹದಿನಾರು ಪುಟಗಳನ್ನು ತಂದು ಕೊಟ್ಟ. ಫೆರ್ಮಿನ್ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿದ. ಆಮೇಲೆ ಎದ್ದು ಕಿಟಕಿಯ ಹತ್ತಿರ ನಿಂತು ಮೊದಲ ಪ್ರಶ್ನೆ ಕೇಳಿದ. ಹುಲಿಯಪ್ಪ ಗೋಡೆಯ ಹತ್ತಿರ ಕೂತು ಉತ್ತರ ಹೇಳಿದ. ಅವತ್ತಿನವರೆಗೆ ಅವನು ಆ ಕೋಣೆಯಲ್ಲಿ ಅತ್ತಿಂದಿತ್ತ ನಡೆದು ನಡೆದು ಕಾಲು ನೋಯಿಸಿಕೊಂಡಿದ್ದ. ಅವತ್ತು ಕೂತಲ್ಲಿಂದ ಏಳಬೇಕಾಗಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಇಬ್ಬರೂ ಮಜ್ಜಿಗೆ ಕುಡಿಯುತ್ತ ವೈನಿನ ಮಾತಾಡುತ್ತಿದ್ದರು. ಲೋಟಕ್ಕೆ ಸ್ಪ್ಯಾನಿಷಿನಲ್ಲಿ ‘ಕೋಪ’ ಎನ್ನುತ್ತಾರಾದ್ದರಿಂದ ಗೋಡೆಯಾಚೆ ಇನ್ನೊಂದು ಗೊಂದಲ ಎದ್ದಿತು. “ಆ ಪರಮೇಶಿಗೆ ಏನೋ ಕೋಪ ಕಣ್ರೀ, ಬಂದಾಗಿಂದ ಕೋಪ ಕೋಪ ಅಂತಾನೇ ಇದಾನೆ” ಎಂದು ದುರ್ಗಮ್ಮ ಗಂಡನಿಗೆ ಹೇಳಿದಳು. ಫೆರ್ಮಿನ್ ಎಂಬುದು ಅವಳ ಬಾಯಲ್ಲಿ ಪರಮೇಶಿಯಾಗಿತ್ತು. “ಕೋಪ ಇರೋರು ಹಂಗೆ ನಗ್ತಾರೇನೇ?” ಎಂದ ಮಾರಪ್ಪ. ಒಂದು ಭಾನುವಾರ ಕಾರ್ಖಾನೆಯ ಜೀಪಿನಲ್ಲಿ ಇಬ್ಬರೂ ಸಕ್ರೆಬೈಲಿಗೆ ಹೋಗಿ ಆನೆಗೆ ಸ್ನಾನ ಮಾಡಿಸುವುದನ್ನು ನೋಡಿ ಬಂದರು. ತುಂಗೆಯಲ್ಲಿ ಮಲಗಿದ್ದ ಆನೆಯನ್ನು ತೋರಿಸಿ ಫೆರ್ಮಿನ್ ಬಹಳ ಹೊತ್ತು ಏನೋ ಹೇಳಿದ. ದುಃಖದ ವಿಷಯವೋ ಸಂತೋಷದ್ದೋ ಹುಲಿಯಪ್ಪನಿಗೆ ತಿಳಿಯಲಿಲ್ಲ. ಫೆರ್ಮಿನ್‌ಗೆ ಹೆಂಡತಿ ಇದ್ದಳೋ, ಮಕ್ಕಳಿದ್ದರೋ, ಅದೂ ಕೊನೆಯವರೆಗೆ ತಿಳಿಯಲಿಲ್ಲ. ಆ ಪುಟಗಳಲ್ಲಿ ಹೆಂಡತಿ ಎಂಬ ಶಬ್ದವಿರಲಿಲ್ಲ.

ಯಂತ್ರ ಫೌಂಡೇಶನ್ ಮೇಲೆ ನಿಂತಿತು, ತಿರುಗಿತು. ಫೆರ್ಮಿನ್ ಹೊರಟ. ಸ್ಟೇಷನ್ನಿನಲ್ಲಿ ಹೇಳಲು ಯಾವ ವಾಕ್ಯವೂ ಸಿಗದೆ ಹುಲಿಯಪ್ಪ ಕೈ ಮುಗಿದ. ಫೆರ್ಮಿನ್ ಕೂಡ ಕೈ ಮುಗಿದ. ರೈಲು ಶಿವಮೊಗ್ಗದಿಂದ ಅರ್ಧ ಗಂಟೆ ತಡವಾಗಿ ಬಂದಿತ್ತು. ಅಷ್ಟೂ ಹೊತ್ತು ಇಬ್ಬರೂ ಒಂದೇ ಪೊಟ್ಟಣದ ಕಡಲೆಕಾಯಿ ಬಿಡಿಸಿ ತಿಂದಿದ್ದರು.

ಅದಾದ ಮೇಲೆ ಗೋಡೆಯಾಚೆಗೆ ಸದ್ದು ನಿಂತುಹೋಯಿತು. ಹುಲಿಯಪ್ಪ ಪುಟಗಳನ್ನು ಮತ್ತೆ ತೆಗೆಯಲಿಲ್ಲ. ಒಮ್ಮೆ ಎದುರಿಗೊಬ್ಬರು ಉತ್ತರ ಕೊಟ್ಟ ಮೇಲೆ ತಾನೇ ಉತ್ತರ ಹೇಳಿಕೊಳ್ಳುವುದು ಅವನಿಂದಾಗಲಿಲ್ಲ.

ಯುಗಾದಿಯ ಹಿಂದಿನ ಭಾನುವಾರ, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಪುಟ್ಟಯ್ಯ ಕಾರ್ಖಾನೆಯ ವಿಳಾಸಕ್ಕೆ ಹಿಂದಿನ ದಿನ ಬಂದಿದ್ದ ಒಂದು ಲಕೋಟೆ ತಂದುಕೊಟ್ಟ. ವಿದೇಶದ ಸ್ಟಾಂಪು ನೋಡಿ ವಠಾರವೆಲ್ಲ ಸೇರಿತು. ಮಾತು ಬಿಟ್ಟಿದ್ದ ದುರ್ಗಮ್ಮನೂ ಬೇಬಿಯನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಹಿಂದೆ ನಿಂತಳು.

“ಪರಮೇಶಿ ಕಾಗದನಾ? ಓದು ಮಾರಾಯ, ಗಟ್ಟಿಯಾಗಿ ಓದು” ಎಂದ ಮಾರಪ್ಪ.

ನಾಲ್ಕು ಪುಟದ ಕಾಗದ. ಒತ್ತೊತ್ತಾಗಿ ಬರೆದಿತ್ತು. ಹುಲಿಯಪ್ಪ ಮೊದಲ ಪುಟ ನೋಡಿದ, ಎರಡನೆಯದನ್ನು ನೋಡಿದ, ನಾಲ್ಕನ್ನೂ ತಿರುವಿದ. ಎಲ್ಲೂ ವೈನ್ ಇರಲಿಲ್ಲ. ಒಂದೇ ಒಂದು ಶಬ್ದವೂ ಅವನಿಗೆ ಅರ್ಥವಾಗಲಿಲ್ಲ. ಹದಿನೈದು ಜನ ಕಾಯುತ್ತಿದ್ದರು.

“ಕ್ಷೇಮವಂತೆ” ಎಂದ ಹುಲಿಯಪ್ಪ.

“ಆಮೇಲೆ?”

“ಮನೇಲಿ ಒಬ್ಬನೇ ಇರೋದಂತೆ.”

“ಅಯ್ಯೋ ಪಾಪ. ಯಾರೂ ಇಲ್ವಂತಾ?”

“ಇದ್ರಂತೆ. ಈಗಿಲ್ವಂತೆ.” ಹುಲಿಯಪ್ಪ ಕಾಗದದ ಮೇಲಿಂದ ಕಣ್ಣೆತ್ತಲಿಲ್ಲ. “ಕೆಲಸದ ದಿನ ತೊಂದ್ರೆ ಇಲ್ವಂತೆ. ರಜಾ ದಿನ ಕಷ್ಟವಂತೆ. ಸಂಜೆ ಬಂದು ಬೀಗ ತೆಗೀಬೇಕಾದ್ರೆ ಒಂದ್ಸಲ ಕೆಮ್ಮುತಾನಂತೆ. ಒಳಗಡೆ ಇರೋರಿಗೆ ಬಂದಿದ್ದು ಗೊತ್ತಾಗ್ಲಿ ಅನ್ನೋ ಹಂಗೆ. ಒಳಗೆ ಯಾರೂ ಇರಲ್ಲ ಅಂತ ಅವನಿಗೂ ಗೊತ್ತಂತೆ.”

ಹುಲಿಯಪ್ಪ ಪುಟ ತಿರುವಿದ.

“ಎಷ್ಟು ಕಮ್ಮಿ ಮಾಡಿದ್ರೂ ಸಾರು ಉಳಿದುಬಿಡುತ್ತಂತೆ. ಒಬ್ಬನಿಗೆ ಎಷ್ಟು ಬೇಳೆ ಹಾಕ್ಬೇಕು ಅಂತ ಇನ್ನೂ ತಿಳೀಲಿಲ್ವಂತೆ.”

“ಸ್ಪೇನಲ್ಲೂ ಸಾರು ಮಾಡ್ತಾರಾ?” ಎಂದು ಮಾರಪ್ಪ ಆಶ್ಚರ್ಯದಿಂದ ಕೇಳಿದ.

“ಸುಮ್ನಿರ್ರೀ” ಎಂದಳು ದುರ್ಗಮ್ಮ. “ಸಾರು ಎಲ್ಲಾ ಕಡೆ ಮಾಡ್ತಾರೆ.”

ಅವಳು ಹುಲಿಯಪ್ಪನನ್ನೇ ನೋಡುತ್ತಿದ್ದಳು. ಮೂರು ವರ್ಷದಿಂದ ಪ್ರತಿ ಸಂಜೆ ಐದೂಮುಕ್ಕಾಲಿಗೆ ಆ ತೆಳು ಗೋಡೆಯಾಚೆ ಬೀಗದ ಸದ್ದಿನ ಜೊತೆಗೆ ಕೇಳುತ್ತಿದ್ದ ಒಂದು ಕೆಮ್ಮು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೀಡಿ ಸೇದದ ಮನುಷ್ಯನಿಗೆ ಅದೆಂಥ ಕೆಮ್ಮು ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಬೇಬಿಯನ್ನು ಗಂಡನ ಕೈಗೆ ಕೊಟ್ಟು ಅವಳು ಮುಂದೆ ಬಂದಳು.

“ಹುಲಿಯಪ್ಪಣ್ಣ, ಅವ್ರಿಗೆ ವಾಪಸ್ ಕಾಗದ ಬರೀರಿ. ಪಕ್ಕದ ಮನೆಯೋರಿಗೆ ಬುದ್ಧಿ ಕಮ್ಮಿ, ಬಾಯಿ ಬಿಟ್ಟು ಹೇಳ್ದೆ ಇದ್ರೆ ತಿಳಿಯಲ್ಲ ಅಂತ ಬರೀರಿ. ಇವತ್ತು ಒಲೆ ಹಚ್ಚೋದು ಬೇಡ, ಊಟಕ್ಕೆ ಬನ್ನಿ ಅಂತಾನೂ ಬರೀರಿ.”

ಹುಲಿಯಪ್ಪ ಕಾಗದ ಮಡಚಿದ. ಮಡಚಿದ್ದನ್ನೇ ಮತ್ತೆ ಮಡಚಿದ.

“ಸ್ಪ್ಯಾನಿಷಲ್ಲಿ ಅದಕ್ಕೆ ಏನಂತಾರೋ ನಂಗೆ ಗೊತ್ತಿಲ್ಲಮ್ಮ.”

“ಕನ್ನಡದಲ್ಲೇ ಬರೀರಿ” ಎಂದಳು ದುರ್ಗಮ್ಮ. “ತಲುಪುತ್ತೆ.”

ಅಷ್ಟು ಹೇಳಿ ಒಳಗೆ ಹೋಗಿ, ಅಳೆದಿಟ್ಟಿದ್ದ ಅಕ್ಕಿಯ ಮೇಲೆ ಇನ್ನರ್ಧ ಪಾವು ಸುರಿದು ತೊಳೆಯತೊಡಗಿದಳು.